ಬೆಲ್ಟಿಗೆ ತೂಗುವ ತೊಗಲಿನ ಒರೆ: ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು

ಮುಂಬೈಯಲ್ಲಿ ಲಿಫ್ಟ್ ರಿಪೇರಿ ಮಾಡುವವನ ಸೊಂಟಕ್ಕೆ ಪಕ್ಕಡ್ (ಇಕ್ಕಳ), ಟೆಸ್ಟರ್, ಸ್ಕ್ರೂಡ್ರೈವರ್ ಇಷ್ಟಾದರೂ ತೂಗುತ್ತಿರಬೇಕು. ಅಂಗಡಿಯ ರೆಕ್ಸಿನ್ ಚೀಲ ಒಂದು ಮಳೆಗಾಲಕ್ಕೆ ಬಾಯಿ ಬಿಡುತ್ತದೆ. ಬೇಸತ್ತು, ಡೊಂಬಿವಲಿಯ ಮನೆಯ ಬಾಲ್ಕನಿಯಲ್ಲಿ ಕೂತು ನಾನೇ ತೊಗಲಿನ ಒರೆ, ಅಂದರೆ ಹೋಲ್ಸ್ಟರ್, ಹೊಲಿಯತೊಡಗಿದೆ. ಮೊದಲ ಏಳರಲ್ಲಿ ಐದು ಕಸದ ಡಬ್ಬಿಗೆ ಹೋದವು. ಆಗೆಲ್ಲ ನನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದೆ. ಈಗ ಲೆಕ್ಕ ಹಾಕಿದರೆ ಆ ಐದರಲ್ಲಿ ನಾಲ್ಕು ಕೆಟ್ಟದ್ದು ಸೂಜಿ ಹಿಡಿಯುವ ಮೊದಲೇ. ಒಂದೋ ತೊಗಲು ತಪ್ಪು, ಇಲ್ಲವೇ ಅದು ಕುಡಿದ ನೀರಿನ ಲೆಕ್ಕ ತಪ್ಪು.

ಹಾಗಾಗಿ ಇಲ್ಲಿ ಕಣ್ಣಿಗೆ, ಕೈಗೆ ಗೊತ್ತಾಗುವ ಲಕ್ಷಣದಿಂದಲೇ ಶುರು ಮಾಡಿದ್ದೇನೆ. ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು, ಹೊಲಿಗೆ ಬಿಚ್ಚುವಂಥದ್ದು ಕೊನೆಗೆ. ಹೊಸ ತೊಗಲು ತರಲು ಓಡುವ ಮೊದಲು ಅದೇ ಕ್ರಮದಲ್ಲಿ ನೋಡಿಕೊಂಡು ಬನ್ನಿ.

ಒದ್ದೆ ಮಾಡಿ ಒತ್ತಿದರೂ ಆಕಾರ ನಿಲ್ಲುವುದಿಲ್ಲ

ಹೊಸಬರ ಮೊದಲ ದೂರು ಇದೇ. ರಾತ್ರಿ ಪಕ್ಕಡ್ ಒಳಗಿಟ್ಟು ಒತ್ತಿ ಒತ್ತಿ ಅಚ್ಚು ಮೂಡಿಸಿರುತ್ತೀರಿ. ಬೆಳಗ್ಗೆ ಎದ್ದು ನೋಡಿದರೆ ಮತ್ತದೇ ಚಪ್ಪಟೆ ಚೀಲ.

ಮೊದಲ ಪರೀಕ್ಷೆ ಒಂದು ಹನಿ ನೀರು. ಉಳಿದ ತುಂಡಿನ ನುಣುಪು ಮುಖದ ಮೇಲೆ ಹಾಕಿ ಒಂದು ನಿಮಿಷ ಬಿಡಿ. ಹನಿ ಇಂಗಿ ಅಲ್ಲೊಂದು ಗಾಢ ಮಚ್ಚೆ ಮೂಡಿದರೆ ತೊಗಲು ನೀರು ಕುಡಿಯುತ್ತದೆ, ಆಸೆ ಇಟ್ಟುಕೊಳ್ಳಬಹುದು. ಕೆಸುವಿನ ಎಲೆಯ ಮೇಲಿನಂತೆ ಹನಿ ಉರುಳಿ ಹೋದರೆ ಮೇಲೆ ಯಾವುದೋ ಲೇಪವಿದೆ, ಅಥವಾ ನೀವೇ ಅವಸರಪಟ್ಟು ಎಣ್ಣೆ ಹಚ್ಚಿಬಿಟ್ಟಿದ್ದೀರಿ. ಎಣ್ಣೆ, ಮೇಣ ಏನಿದ್ದರೂ ಆಕಾರ ಒಣಗಿ ನಿಂತ ಮೇಲೆ.

ಎರಡನೆಯದು ಕತ್ತರಿಸಿದ ಅಂಚು. ಹರಿತ ಬ್ಲೇಡಿನಿಂದ ಹೊಸದಾಗಿ ಒಂದು ಎಳೆ ಕತ್ತರಿಸಿ ಬೆಳಕಿಗೆ ಹಿಡಿಯಿರಿ. ಮೇಲಿಂದ ಕೆಳಗಿನವರೆಗೆ ಬಿಸ್ಕತ್ತಿನ ಬಣ್ಣವೋ ತಿಳಿ ಕಂದೋ ಇದ್ದರೆ ಅದು ಬಹುಮಟ್ಟಿಗೆ ಮರದ ತೊಗಟೆ, ಕಾಯಿಗಳ ರಸದಲ್ಲಿ ಹದ ಮಾಡಿದ ತೊಗಲು. ಅಂಗಡಿಯವರ ಬಾಯಲ್ಲಿ ವೆಜ್ ಟ್ಯಾನ್. ನಡುವೆ ನೀಲಿ ಛಾಯೆಯ ಬೂದು ಗೆರೆ ಕಂಡರೆ ಕ್ರೋಮ್, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ಕ್ರೋಮ್ ತೊಗಲು ಬ್ಯಾಗಿಗೆ, ಜಾಕೆಟಿಗೆ ಒಳ್ಳೆಯದೇ. ನೆನೆದು ಒಣಗಿದರೂ ಮೊದಲಿನ ಹಾಗೇ ಮೆತ್ತಗಿರುವುದು ಅದರ ಗುಣ, ಒರೆಗೆ ಆ ಗುಣವೇ ಮುಳುವು. ಬಣ್ಣ ಒಳಗಿನವರೆಗೂ ಇಳಿದಿದ್ದರೆ ಈ ಬೂದು ಗೆರೆ ಕಾಣುವುದಿಲ್ಲ. ಆಗ ಮೂರನೆಯ ಪರೀಕ್ಷೆ.

ಬೆರಳಗಲದ ತುಂಡೊಂದನ್ನು ಕುದಿಯುವ ನೀರಿಗೆ ಹಾಕಿ, ಒಂದು ನಿಮಿಷ ಬಿಟ್ಟು ಚಿಮಟದಿಂದ ತೆಗೆಯಿರಿ. ತೊಗಟೆ ಹದದ್ದಾದರೆ ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಸುರುಟಿ, ಕುಗ್ಗಿ, ಒಣಗಿದ ಮೇಲೆ ಕಟ್ಟಿಗೆಯಾಗುತ್ತದೆ. ಕ್ರೋಮ್ ಹೆಚ್ಚೂಕಡಿಮೆ ಹಾಗೇ ಉಳಿಯುತ್ತದೆ. ಅಡುಗೆ ಪಾತ್ರೆ ಬೇಡ, ಹಳೇ ತಗಡಿನ ಡಬ್ಬಿ ಸಾಕು. ಕೆಲವರು ತುಂಡನ್ನು ಸುಟ್ಟು ಬೂದಿಯ ಬಣ್ಣ ನೋಡಿ ಹೇಳುತ್ತಾರೆ. ಅದನ್ನು ಮಾಡಬೇಡಿ. ಕ್ರೋಮ್ ತೊಗಲು ಸುಟ್ಟಾಗ ಅದರಲ್ಲಿರುವ ಕ್ರೋಮಿಯಂ ವಿಷದ ರೂಪಕ್ಕೆ ತಿರುಗಬಹುದು. ಒಂದೂವರೆ ಕೋಣೆಯ ಮನೆಯಲ್ಲಿ ಆ ಹೊಗೆ ಎಲ್ಲಿಗೆ ಹೋಗುತ್ತದೆ?

ಸಯನ್‌ನಲ್ಲಿ ಲೋಕಲ್ ಇಳಿದು ಧಾರಾವಿಯ ತೊಗಲಿನ ಅಂಗಡಿಗಳಿಗೆ ಹೋದರೆ ಬ್ಯಾಗು, ಜಾಕೆಟಿನ ಕ್ರೋಮ್ ಮಾಲೇ ಎದುರಿಗೆ ನೇತಾಡುತ್ತಿರುತ್ತದೆ. ‘ವೆಜ್ ಟ್ಯಾನ್ ಇದೆಯಾ’ ಎಂದು ಕೇಳಿದರೆ ಯಾವುದನ್ನು ಬೇಕಾದರೂ ಹೌದು ಎನ್ನುವವರಿದ್ದಾರೆ. ಅಂಚು ಕತ್ತರಿಸಿ ತೋರಿಸಿ ಎನ್ನಿ, ಬಾಟಲಿಯಿಂದ ಹನಿ ನೀರು ಬಿಟ್ಟು ನೋಡಿ. ನಾಚಿಕೆಪಟ್ಟರೆ ನನ್ನ ಹಾಗೆ ಎರಡು ಸಲ ಟಿಕೆಟ್ ಖರ್ಚು. ಮಹಾರಾಷ್ಟ್ರದಲ್ಲಿ 2015ರ ತಿದ್ದುಪಡಿಯಿಂದ ಎತ್ತು, ಹೋರಿಗಳ ವಧೆಗೂ ನಿಷೇಧ ಬಂದಿರುವುದರಿಂದ ಕೈಗೆ ಸಿಗುವುದು ಎಮ್ಮೆ, ಕೋಣದ ತೊಗಲಾಗಿರುವ ಸಾಧ್ಯತೆ ಹೆಚ್ಚು. ಅದರ ಮುಖ ಸ್ವಲ್ಪ ಒರಟು, ಅದೇನೂ ದೋಷವಲ್ಲ. ಬೇಕಾದ ಬಿಗಿ ಎಂಥದ್ದು ಎಂದು ಬೆರಳಿಗೆ ತಿಳಿಯಬೇಕಿದ್ದರೆ ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿಯ ಅಟ್ಟೆಯನ್ನು ಬಗ್ಗಿಸಿ ನೋಡಿ. ‘ಕೊಲ್ಹಾಪುರಿ’ ಹೆಸರಿನಲ್ಲಿ 2019ರಲ್ಲಿ ಭೌಗೋಳಿಕ ಗುರುತು ಪಡೆದ ಚಪ್ಪಲಿ ಇದು. ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಆ ಪಟ್ಟಿಯಲ್ಲಿವೆ. ಅದೂ ತೊಗಟೆ ಹದದ ತೊಗಲೇ.

ತೊಗಲು ಸರಿಯಾಗಿದ್ದೂ ಆಕಾರ ನಿಲ್ಲದಿದ್ದರೆ ನೀರನ್ನು ನೋಡಬೇಕು. ಉಗುರುಬೆಚ್ಚಗಿನ ನೀರಲ್ಲಿ ಮುಳುಗಿಸಿದ ಕೂಡಲೇ ಅಂಚಿನಿಂದ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಏಳುತ್ತವೆ. ಗುಳ್ಳೆ ನಿಂತಾಗ ಹೊರಗೆ ತೆಗೆಯಿರಿ, ಆದರೆ ಆಗಲೇ ಒತ್ತಬೇಡಿ. ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಒಂದೆರಡು ಗಂಟೆ ಇಡಿ, ಆಮೇಲೆ ಹೊರಗೆ ಬಿಟ್ಟು ಕಾಯಿರಿ. ಗಾಢವಾಗಿದ್ದ ಬಣ್ಣ ತಿಳಿಯಾಗುತ್ತ ಹೆಚ್ಚುಕಡಿಮೆ ಒಣ ತೊಗಲಿನಂತೆ ಕಾಣಬೇಕು, ಕೆನ್ನೆಗೆ ತಾಗಿಸಿದರೆ ಮಾತ್ರ ತಣ್ಣಗೆ ಹತ್ತಬೇಕು. ಆ ಹೊತ್ತಿಗೆ ಹೆಬ್ಬೆರಳ ಉಗುರಿನಿಂದ ಒಂದು ಗೆರೆ ಎಳೆಯಿರಿ. ಗೆರೆಯಲ್ಲಿ ನೀರು ಒಸರಿದರೆ ಇನ್ನೂ ಹಸಿ, ಕಾಯಿರಿ. ಗೆರೆ ಮೂಡಿದಂತೆ ಮಾಡಿ ಮಾಯವಾದರೆ ಒಣಗಿಹೋಗಿದೆ, ಮತ್ತೆ ಮುಳುಗಿಸಿ. ಬೆಣ್ಣೆಯ ಮೇಲೆ ಎಳೆದಂತೆ ಚೊಕ್ಕವಾಗಿ ನಿಂತರೆ ಕೈ ಹಾಕಿ. ಪಕ್ಕಡ್ ಒಳಗಿಟ್ಟೇ ಪೂರ್ತಿ ಒಣಗಲು ಬಿಡುವುದು ಬೇಡ. ಆಕಾರ ಹಿಡಿದು ಗಟ್ಟಿಯಾಗತೊಡಗಿದ ಮೇಲೆ ಹೊರಗೆ ತೆಗೆದು ಫ್ಯಾನಿನ ಕೆಳಗಿಡಿ. ಡಿಸೆಂಬರಿನಲ್ಲಿ ಒಂದು ದಿನ ಸಾಕು, ಜುಲೈಯಲ್ಲಿ ಮೂರು ದಿನವಾದರೂ ಒಳಮೈ ತಣ್ಣಗೇ ಇರುತ್ತದೆ.

ಇಷ್ಟಾಗಿಯೂ ಸೋತರೆ ದಪ್ಪ ಅಳೆಯಿರಿ. 2 ಮಿ.ಮೀ.ಗಿಂತ ತೆಳುವಾದದ್ದು ಕೈಯಾಡಿಸಿದಂತೆ ಬಳುಕುತ್ತದೆ. ಪಕ್ಕಡ್‌ನಂಥ ಭಾರದ ಸಾಮಾನಿಗೆ 2.5ರಿಂದ 3.2 ಮಿ.ಮೀ. ಬೇಕು. ಔನ್ಸ್ ಲೆಕ್ಕದಲ್ಲಿ ಹೇಳಿದರೆ ಗಾಬರಿಯಾಗಬೇಡಿ, 1 ಔನ್ಸ್ ಅಂದರೆ ಸುಮಾರು 0.4 ಮಿ.ಮೀ. ದಪ್ಪವಿದ್ದೂ ಸಡಿಲವಾಗಿದ್ದು, ಮುಖ ಒಳಗಾಗುವಂತೆ ಮಡಚಿದಾಗ ಒಣಗಿದ ಹಾಗಲಕಾಯಿಯಂತೆ ಸುಕ್ಕುಗಟ್ಟಿದರೆ ಅದು ದನದ ಹೊಟ್ಟೆಯ ಭಾಗ. ಬೆನ್ನಿನ ಭಾಗ ಕೇಳಿ ತನ್ನಿ. ಹೊಟ್ಟೆಯದ್ದನ್ನು ಕೀಚೈನಿಗೆ ಇಟ್ಟುಕೊಳ್ಳಿ.

ಪಕ್ಕಡ್ ಒಳಗೆ ಹೋಗುವುದೇ ಇಲ್ಲ

ನೂರಕ್ಕೆ ತೊಂಬತ್ತು ಸಲ ಇದು ಕಾಗದದ ಮೇಲಿನ ತಪ್ಪು. ಪಕ್ಕಡನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು, ಆ ಗೆರೆಯ ಮೇಲೇ ಹೊಲಿದಿರುತ್ತೀರಿ. ಸಾಮಾನಿಗೆ ದಪ್ಪ ಎಂಬುದೊಂದಿದೆ. ಒಂದು ಹೊಲಿಗೆಯಿಂದ ಎದುರಿನ ಹೊಲಿಗೆಯವರೆಗೆ ಬೇಕಾದದ್ದು ಸಾಮಾನಿನ ಅಗಲ, ಅದರ ದಪ್ಪ, ಮೇಲೆ ತೊಗಲಿನ ದಪ್ಪದ್ದೊಂದು ಪಾಲು. 30 ಮಿ.ಮೀ. ಅಗಲ, 12 ಮಿ.ಮೀ. ದಪ್ಪದ ಸಾಮಾನಿಗೆ 3 ಮಿ.ಮೀ. ತೊಗಲಾದರೆ 45 ಮಿ.ಮೀ. ಹೊಲಿಗೆಯ ಹೊರಗೆ ಅಂಚಿಗೆಂದು 6 ಮಿ.ಮೀ. ಬೇರೆ.

ಕೊರತೆ ಒಂದೆರಡು ಮಿ.ಮೀ. ಆಗಿದ್ದರೆ ಬಿಚ್ಚಬೇಕಿಲ್ಲ. ಪಕ್ಕಡ್‌ಗೆ ಅಡುಗೆಮನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೈದು ಸುತ್ತು ಸುತ್ತಿ, ಒರೆಯ ಒಳಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಳಗೆ ದೂಡಿ ರಾತ್ರಿಯಿಡೀ ಬಿಡಿ. ಸುತ್ತಿಗೆಯಿಂದ ಬಡಿದು ಇಳಿಸಬೇಡಿ, ಹೊಲಿಗೆಯ ತೂತುಗಳು ಒಂದಕ್ಕೊಂದು ಸೇರಿ ಅಂಚೆಚೀಟಿಯಂತೆ ಹರಿಯುತ್ತದೆ. ಅದಕ್ಕಿಂತ ಹೆಚ್ಚು ಬಿಗಿಯಿದ್ದರೆ ಹೊಲಿಗೆ ಬಿಚ್ಚಿ, ನಡುವೆ ತೊಗಲಿನ ಪಟ್ಟಿ ಕೂಡಿಸಿ ಮತ್ತೆ ಹೊಲಿಯುವುದೇ ದಾರಿ.

ಕುಳಿತು ಏಳುವಾಗ ಪಕ್ಕಡ್ ಜಾರಿ ಬೀಳುತ್ತದೆ

ಒರೆಯನ್ನು ತಲೆಕೆಳಗು ಹಿಡಿದು ಎರಡು ಸಲ ಕೊಡವಿ. ಮೃದುವಾದ ಹಾಸಿಗೆಯ ಮೇಲೆ ಮಾಡಿ, ಕಾಲ ಮೇಲಲ್ಲ. ಮೊದಲ ಕೊಡವಿಗೇ ಬಿದ್ದರೆ ಸಡಿಲ. ಒಳಗಿಟ್ಟಾಗ ಅದು ‘ಕಳಕ್’ ಎಂದು ಅಲ್ಲಾಡುತ್ತಿದ್ದರೆ ಅಚ್ಚು ಆಳವಾಗಿ ಮೂಡಿಲ್ಲ, ಮತ್ತೆ ನೆನೆಸಿ ಒತ್ತಿ. ಪಕ್ಕಡ್‌ನ ಕೀಲಿನ ಉಬ್ಬಿನ ಕೆಳಗೆ, ಅದು ಸಣ್ಣದಾಗುವ ಜಾಗದಲ್ಲಿ ಚಮಚದ ಬೆನ್ನಿನಿಂದ ಒತ್ತಿದರೆ ಸಾಕು, ಹಿಡಿತ ಬರುವುದು ಅಲ್ಲೇ. ಸಡಿಲ ಇನ್ನೂ ಇದ್ದರೆ ಮೊದಲ ಹೊಲಿಗೆಯ ಒಳಗೆ 3 ಮಿ.ಮೀ. ಬಿಟ್ಟು ಎರಡನೇ ಸಾಲು ಹೊಲಿಯಿರಿ.

ವರ್ಷಗಟ್ಟಲೆ ಸರಿಯಿದ್ದು ಈಚೆಗೆ ಸಡಿಲಾಗಿದ್ದರೆ ಬೇರೆ ಕತೆ. ‘ತೊಗಲಿಗೆ ಎಣ್ಣೆ ಒಳ್ಳೆಯದು’ ಎಂದು ಯಾರೋ ಹೇಳಿ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಸುರಿದಿರುತ್ತಾರೆ. ಎಣ್ಣೆ ಕುಡಿದ ಒರೆ ಮತ್ತೆ ಬಿಗಿಯಾಗುವುದು ಕಷ್ಟ. ಪೇಪರಿನಲ್ಲಿ ಸುತ್ತಿ ಕೆಲವು ದಿನ ಇಟ್ಟರೆ ಒಂದಿಷ್ಟು ಹೀರುತ್ತದೆ, ಅಷ್ಟೇ. ಲಿಫ್ಟಿನ ಬಾವಿಯಲ್ಲೋ ಏಣಿಯ ಮೇಲೋ ಕೆಲಸ ಮಾಡುವವರು ಅಂಥ ಒರೆಯನ್ನು ಬಿಟ್ಟುಬಿಡಿ. ನಾಲ್ಕನೇ ಮಹಡಿಯಿಂದ ಬಿದ್ದ ಪಕ್ಕಡ್ ಕೆಳಗಿರುವವನ ತಲೆ ನೋಡಿಕೊಂಡು ಬೀಳುವುದಿಲ್ಲ. ಇನ್ನೊಂದು ಮಾತು: ತೊಗಲು ಇನ್ಸುಲೇಷನ್ ಅಲ್ಲ. ಬೆವರು ಕುಡಿದ ಒರೆಯಲ್ಲಿ ಕರೆಂಟು ಹರಿಯುತ್ತದೆ.

ಚೊಕ್ಕ ತೊಗಲಿನ ಮೇಲೆ ಕಪ್ಪು ನೀಲಿ ಕಲೆ

ನನ್ನ ಮೂರನೇ ಒರೆ. ಬಿಸ್ಕತ್ತಿನ ಬಣ್ಣ, ಹೊಲಿಗೆ ನೇರ, ಅದುವರೆಗೆ ಅಷ್ಟು ಚೆಂದ ಯಾವುದೂ ಬಂದಿರಲಿಲ್ಲ. ಒಳಗೆ ಪಕ್ಕಡ್ ಇಟ್ಟು ರಾತ್ರಿ ಬಿಟ್ಟೆ. ಬೆಳಗ್ಗೆ ಹೊರಮೈಗೂ ಹಾದು ಪಕ್ಕಡ್‌ನ ಬಾಯಿಯ ಆಕಾರದಲ್ಲೇ ಒಂದು ನೀಲಿಗಪ್ಪು ನೆರಳು. ಬೂಷ್ಟು ಎಂದು ತಿಳಿದು ಒರೆಸಿದೆ, ಹೋಗಲಿಲ್ಲ. ಸೋಪು ಹಾಕಿ ಉಜ್ಜಿದೆ, ತೊಗಲಿನ ಮುಖ ಕಿತ್ತು ಬಂತೇ ಹೊರತು ಕಲೆ ಅಲ್ಲೇ ಇತ್ತು.

ಇದು ಕೊಳೆಯಲ್ಲ, ಶಾಯಿ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಹಿಂದಿನವರು ಬರೆಯುವ ಮಸಿ ಕಾಯಿಸುತ್ತಿದ್ದರಲ್ಲ, ಕಲಂಕಾರಿಯವರು ಇವತ್ತಿಗೂ ಅಳಲೆಯಲ್ಲಿ ಅದ್ದಿದ ಬಟ್ಟೆಯ ಮೇಲೆ ಕಬ್ಬಿಣ, ಬೆಲ್ಲ ಕೊಳೆಯಿಸಿದ ನೀರಿನಿಂದ ಕಪ್ಪು ಗೆರೆ ಎಳೆಯುತ್ತಾರಲ್ಲ, ಅದೇ ಇಲ್ಲಿ ನಿಮ್ಮ ಒರೆಯೊಳಗೆ ನಡೆದದ್ದು. ತೊಗಲಿನೊಳಗಿನ ತೊಗಟೆಯ ಒಗರು, ಹಸಿ ನೀರು, ಪಕ್ಕಡ್‌ನ ಕಬ್ಬಿಣ, ಈ ಮೂರೂ ಸೇರಿದರೆ ಕಪ್ಪು. ಒಂದು ರೀತಿಯಲ್ಲಿ ಸಮಾಧಾನದ ಸುದ್ದಿ: ಕಲೆ ಬಂದಿದೆ ಎಂದರೆ ತೊಗಲು ಅಸಲಿ ತೊಗಟೆ ಹದದ್ದು.

ಕಲೆ ಹೊಸದಾಗಿದ್ದರೆ ನಿಂಬೆರಸವನ್ನು ಬಟ್ಟೆಯಲ್ಲಿ ಅದ್ದಿ ಒತ್ತಿ ಹಿಡಿಯಿರಿ, ತಿಳಿಯಾಗುವುದು ಕಣ್ಣೆದುರೇ ಗೊತ್ತಾಗುತ್ತದೆ. ಆಮೇಲೆ ಒದ್ದೆ ಬಟ್ಟೆಯಿಂದ ಇಡೀ ಒರೆಯನ್ನು ಒರೆಸಿ, ಇಲ್ಲವಾದರೆ ನಿಂಬೆ ತಾಗಿದಷ್ಟು ಜಾಗ ಬೇರೆ ಬಣ್ಣಕ್ಕೆ ನಿಲ್ಲುತ್ತದೆ. ಹಳೆಯ ಕಲೆಗೆ ಆಕ್ಸಾಲಿಕ್ ಆಮ್ಲದ ತೆಳು ದ್ರಾವಣ ಬಳಸುವವರಿದ್ದಾರೆ. ಅದು ವಿಷ. ಗ್ಲೌಸ್, ಕನ್ನಡಕ ಬೇಕು, ಮಕ್ಕಳಿರುವ ಮನೆಗೆ ತರಲೇಬೇಡಿ. ಅದರ ಬದಲು ಒರೆಗೆ ಪೂರ್ತಿ ಕಪ್ಪು ಬಣ್ಣ ಹಾಕಿಬಿಡುವುದು ಜಾಣತನ, ನಾನೂ ಹಾಗೇ ಮಾಡಿದೆ. ಮುಂದಿನ ಸಲ ಪಕ್ಕಡ್‌ಗೆ ಪ್ಲಾಸ್ಟಿಕ್ ಹಾಳೆ ಸುತ್ತದೆ ಹಸಿ ತೊಗಲಿನ ಹತ್ತಿರ ತರಬೇಡಿ. ನೀರು ಕಬ್ಬಿಣದ ಬಕೆಟಿನದ್ದಾದರೂ ಕಲೆ ಬರುತ್ತದೆ, ಚುಕ್ಕೆಚುಕ್ಕೆಯಾಗಿ.

ಹೊಲಿಗೆ ಸಡಿಲ, ದಾರ ಮೇಲೆದ್ದಿದೆ

ಉಗುರನ್ನು ದಾರದ ಕೆಳಗೆ ತೂರಿಸಿ ಎತ್ತಿ. ಎಲ್ಲ ಹೊಲಿಗೆಯೂ ಒಂದೇ ಸಮ ಸಡಿಲವೋ, ಅಲ್ಲಲ್ಲಿ ಮಾತ್ರವೋ ನೋಡಿ. ಅಲ್ಲಲ್ಲಿ ಸಡಿಲವಾಗಿದ್ದರೆ ಎಳೆದ ಬಲ ಹೆಚ್ಚುಕಡಿಮೆಯಾಗಿದೆ, ಅದು ಕೈ ಪಳಗಿದಂತೆ ಸರಿಹೋಗುತ್ತದೆ. ಉದ್ದಕ್ಕೂ ಒಂದೇ ಸಮ ಸಡಿಲವಾಗಿದ್ದರೆ ಕಾರಣ ಬೇರೆ. ನಮ್ಮ ಸ್ಟೇಷನ್ನಿನ ಹೊರಗೆ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿದ್ದಾರೆ, ನಿಪ್ಪಾಣಿ ಕಡೆಯವರು. ನಾನು ದಾರವನ್ನು ದೂರುತ್ತ ಒರೆ ತೋರಿಸಿದಾಗ ಮೂಗಿನ ಹತ್ತಿರ ಹಿಡಿದು ಮೂಸಿ, ಹೊಲಿಗೆಯನ್ನು ನೋಡದೆಯೇ ಹೇಳಿದರು:

“ದಾರ ಏನ್ ಮಾಡತೈತ್ರಿ ಸಾಹೇಬ್ರ, ನೀವು ಹಸಿ ತೊಗಲಾಗ ಹೊಲದೀರಿ.”

ನೀರು ಕುಡಿದ ತೊಗಲು ಉಬ್ಬಿರುತ್ತದೆ. ಆಗ ಬಿಗಿದ ದಾರ, ತೊಗಲು ಒಣಗಿ ತೆಳುವಾದ ಮೇಲೆ ತಾನೇ ಸಡಿಲ. ಒಣಗಿದ್ದಾಗ ಹೊಲಿದು, ಹೊಲಿದ ಮೇಲೆ ನೆನೆಸಿ ಆಕಾರ ಕೊಡುವುದು ಸರಿಯಾದ ಕ್ರಮ.

ಒಂದು ಕಡೆ ದಾರ ಕಿತ್ತರೆ ಇಡೀ ಸಾಲು ಸರಸರನೆ ಬಿಚ್ಚಿಕೊಂಡರೆ ಅದು ಮೆಷಿನ್ ಹೊಲಿಗೆ. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಎದುರುಬದುರು ದಾಟಿಸುವ ಹೊಲಿಗೆಯಲ್ಲಿ ಒಂದು ಎಳೆ ಹೋದರೂ ಇನ್ನೊಂದು ಹಿಡಿದಿರುತ್ತದೆ. 3 ಮಿ.ಮೀ. ತೊಗಲಿನ ಎರಡು ಪದರಕ್ಕೆ ದಾರ ಹೊಲಿಗೆಯ ಉದ್ದದ 5 ಪಟ್ಟು ಬೇಕು, ಮೇಲೆ ಸೂಜಿಗೊಂದು ಗೇಣು. ಇದಕ್ಕಿಂತ ಕಡಿಮೆ ತೆಗೆದುಕೊಂಡವರೇ ಕೊನೆಯ ನಾಲ್ಕು ತೂತುಗಳ ಹತ್ತಿರ ಗಂಟು ಹಾಕಿ ಕೈಮುಗಿಯುವುದು.

ಹಿಂಬದಿಯ ಹೊಲಿಗೆ ಅಂಕುಡೊಂಕಾದರೆ ತೂತು ಹಾಕುವ ಆರಿ ನೇರ ಇಳಿದಿಲ್ಲ. ಆರಿಯ ತುದಿ ಬರುವ ಜಾಗಕ್ಕೆ ಎಡಗೈ ಬೆರಳು ಕೊಡಬೇಡಿ, ಬಾಟಲಿಯ ಬಿರಡೆ ಕೊಡಿ. ಆರಿ ಅಂಗೈಗೆ ಆಳವಾಗಿ ಹೊಕ್ಕು, ಬೆರಳು ಮಡಚಲು ಕಷ್ಟವಾದರೆ ಅಥವಾ ಜೋಮು ಹಿಡಿದರೆ ಅರಿಶಿನ ಮೆತ್ತಿಕೊಂಡು ಕೂರದೆ ಡಾಕ್ಟರ ಹತ್ತಿರ ಹೋಗಿ, ಧನುರ್ವಾಯು ಇಂಜೆಕ್ಷನ್ನಿನ ಬಗ್ಗೆಯೂ ಕೇಳಿ.

ಅಂಟು ಬಿಟ್ಟು ಪದರ ತೆರೆದುಕೊಂಡಿದೆ

ಬಿಟ್ಟ ಜಾಗವನ್ನು ಬಗ್ಗಿಸಿ ಒಳಗೆ ನೋಡಿ. ಅಂಟು ಎರಡೂ ಕಡೆ ಇದ್ದು ನಡುವೆ ಬಿಟ್ಟಿದ್ದರೆ, ಒಣಗಿಸಿದ ಹೊತ್ತು ತಪ್ಪಿದೆ. ಚಪ್ಪಲಿಯವರು ಬಳಸುವ ಹಳದಿ ಅಂಟನ್ನು ಎರಡೂ ಮೈಗೆ ಹಚ್ಚಿ, ಬೆರಳಿಗೆ ಜಿಗುಟು ಎನಿಸಿಯೂ ಅಂಟದ ಹದ ಬರುವವರೆಗೆ, ಹತ್ತು ಹದಿನೈದು ನಿಮಿಷ, ಬಿಡಬೇಕು. ಅಂಟೆಲ್ಲ ಒಂದೇ ಕಡೆ ಉಳಿದು ಇನ್ನೊಂದು ಕಡೆ ಬೋಳಾಗಿದ್ದರೆ, ಆ ಬೋಳು ಮೈ ನುಣುಪಾಗಿತ್ತು ಇಲ್ಲವೇ ಎಣ್ಣೆ, ಬಣ್ಣ ತಾಗಿತ್ತು. ಮರಳು ಕಾಗದದಿಂದ ಉಜ್ಜಿ ಮತ್ತೆ ಹಚ್ಚಿ. ಧಾರಾಕಾರ ಮಳೆಯ ದಿನ ಹಚ್ಚಿದ ಅಂಟಿನ ಮೇಲೆ ಮಂಜು ಕೂತಂತೆ ಮಬ್ಬು ಕಾಣುವುದುಂಟು. ಗಾಳಿಯ ತೇವ ಅಲ್ಲಿ ಕೂತಿದೆ. ಅವತ್ತು ಕೆಲಸ ನಿಲ್ಲಿಸಿ ಚಹಾ ಕುಡಿಯಿರಿ.

ಈ ಅಂಟಿನ ಆವಿ ಬೆಂಕಿ ಹಿಡಿಯುತ್ತದೆ. ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ ಯಾವುದೂ ಹತ್ತಿರ ಇರಬಾರದು. ಮಳೆ ಎರಚುತ್ತದೆಂದು ಕಿಟಕಿ ಮುಚ್ಚಿ ಕೂತರೆ ತಲೆ ಸುತ್ತುತ್ತದೆ. ತಲೆನೋವು, ಅಮಲು ಎನಿಸಿದ ಕೂಡಲೇ ಹೊರಗೆ ಬನ್ನಿ. ಗಾಳಿಗೆ ಬಂದರೂ ಇಳಿಯದಿದ್ದರೆ ಆಸ್ಪತ್ರೆ.

ಬಗ್ಗಿಸಿದಲ್ಲಿ ಬಿರುಕು

ಬಿರುಕು ಕೂದಲೆಳೆಯಷ್ಟಿದ್ದು ತೊಗಲು ಒಣಕಲಾಗಿದ್ದರೆ ಜೇನುಮೇಣ ಬೆರೆಸಿದ ಲೆದರ್ ಕ್ರೀಮನ್ನು ತೆಳ್ಳಗೆ ಎರಡು ಸಲ ಹಚ್ಚಿ, ಒಂದು ದಿನ ಬಿಟ್ಟು ನೋಡಿ. ತೊಗಲು ಕಡುಗಂದಾಗಿ, ಗಾಜಿನಂತೆ ಹೊಳೆದು, ಉಗುರಿನಿಂದ ತಟ್ಟಿದರೆ ‘ಟಕ್’ ಎಂದರೆ ಅದು ಬೆಂದಿದೆ. ಒದ್ದೆ ತೊಗಟೆ ತೊಗಲು ಸುಮಾರು 70 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕುಗ್ಗಲು ತೊಡಗುತ್ತದೆ. ಮಳೆಗಾಲದಲ್ಲಿ ಬೇಗ ಒಣಗಲಿ ಎಂದು ಇಸ್ತ್ರಿಪೆಟ್ಟಿಗೆ ಇಟ್ಟವರು, ಹೇರ್ ಡ್ರೈಯರನ್ನು ಮೂಗು ತಾಗುವಷ್ಟು ಹತ್ತಿರ ಹಿಡಿದವರು, ಗ್ಯಾಸ್ ಒಲೆಯ ಮೇಲೆ ತೋರಿಸಿದವರು ಎಲ್ಲರಿಗೂ ಇದೇ ಫಲ. ಬೆಂದ ತೊಗಲಿಗೆ ಮದ್ದಿಲ್ಲ, ಎಸೆಯಿರಿ.

ಬಿಳಿ ಪುಡಿ, ಹಸಿರು ಮೇಣ

ಆಷಾಢದಲ್ಲಿ ಕಪಾಟು ತೆರೆದರೆ ಒರೆಯ ಮೇಲೆ ಬಿಳಿ. ಬೂಷ್ಟೋ, ತೊಗಲಿನೊಳಗಿನ ಕೊಬ್ಬು ಮೇಲೆದ್ದದ್ದೋ? ಹೇರ್ ಡ್ರೈಯರನ್ನು ಒಂದಡಿ ದೂರ ಹಿಡಿದು ಬೆಚ್ಚಗೆ ಮಾಡಿ. ಬಿಳಿ ಕರಗಿ ಮಾಯವಾದರೆ ಕೊಬ್ಬು, ಬಟ್ಟೆಯಿಂದ ಉಜ್ಜಿದರೆ ಹೊಳಪೇ ಬರುತ್ತದೆ. ಹಾಗೇ ಉಳಿದು, ಮುಗ್ಗಲು ವಾಸನೆಯೂ ಇದ್ದರೆ ಬೂಷ್ಟು.

ಬೂಷ್ಟನ್ನು ಮನೆಯೊಳಗೆ ಕೊಡವಬೇಡಿ. ಮಾಸ್ಕ್ ಕಟ್ಟಿಕೊಂಡು ಹೊರಗೆ ಒಣ ಬ್ರಷ್ ಆಡಿಸಿ, ಸ್ಪಿರಿಟ್ ಮತ್ತು ನೀರು ಸಮಸಮ ಬೆರೆಸಿದ್ದರಲ್ಲಿ ಬಟ್ಟೆ ಹಿಂಡಿ ಒರೆಸಿ. ಬಣ್ಣ ಬಿಡುತ್ತದೆಯೇ ಎಂದು ಮೊದಲು ಹಿಂಬದಿಯ ಮೂಲೆಯಲ್ಲಿ ನೋಡಿಕೊಳ್ಳಿ. ಆಮೇಲೆ ಫ್ಯಾನಿನ ಗಾಳಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದೇ ಬೂಷ್ಟಿಗೆ ಆಹ್ವಾನ. ನಾನು ಗೋಡೆಗೆ ತಾಗದ ಮೊಳೆಗೆ ತೂಗುಹಾಕುತ್ತೇನೆ. ಉಬ್ಬಸ ಇರುವವರು ಈ ಕೆಲಸ ಬೇರೆಯವರ ಕೈಲಿ ಮಾಡಿಸಿ.

ರಿವಿಟ್, ಟಿಚ್ ಬಟನ್ ಸುತ್ತ ಹಸಿರು ಮೇಣ ಒಸರಿದರೆ ಅದು ಕಿಲುಬು. ತೊಗಲಿನ ಕೊಬ್ಬು ಹಿತ್ತಾಳೆಯನ್ನು ತಿಂದದ್ದು. ಹಳೇ ಟೂತ್‌ಬ್ರಷ್‌ನಿಂದ, ನೀರು ತಾಗಿಸದೆ, ತೆಗೆಯಿರಿ, ಕೈ ತೊಳೆದುಕೊಳ್ಳಿ. ದೇವರ ಸಾಮಾನು ಬೆಳಗಿದಂತೆ ಹುಣಿಸೆಹಣ್ಣು ಹಾಕಿದರೆ ಹಿತ್ತಾಳೆ ಹೊಳೆಯುತ್ತದೆ, ಸುತ್ತಲ ತೊಗಲು ಕಲೆಯಾಗುತ್ತದೆ.

ಅಂಚು ನಾರುನಾರು, ಪ್ಯಾಂಟಿಗೆ ಬಣ್ಣ, ಕಿತ್ತ ಬಟನ್

ಅಂಚಿಗೆ ಮರಳು ಕಾಗದ ಹಾಕಿ, ನೀರಿನಲ್ಲಿ ನೆನೆಸಿದ ಗೋಂದ್ ಕತೀರಾ ಎಂಬ ಗಿಡದ ಅಂಟು ಸವರಿ, ನುಣುಪು ಕಟ್ಟಿಗೆಯಿಂದ ಬಿಸಿಯಾಗುವವರೆಗೆ ತಿಕ್ಕಿ. ಲಟ್ಟಣಿಗೆಯ ಹಿಡಿಯೂ ಆದೀತು, ಮನೆಯವರು ನೋಡದಿದ್ದರೆ. ಎಷ್ಟು ತಿಕ್ಕಿದರೂ ನಾರೇಳುತ್ತಿದ್ದರೆ ಮೊದಲ ವಿಭಾಗಕ್ಕೆ ವಾಪಸ್ ಹೋಗಿ, ಅದು ಕ್ರೋಮ್ ಇರಬಹುದು.

ಬಣ್ಣ ಪ್ಯಾಂಟಿಗೆ ಹತ್ತುತ್ತಿದ್ದರೆ ಒಣ ಬಟ್ಟೆಯಿಂದ, ಬಟ್ಟೆಗೆ ಬಣ್ಣ ಬರುವುದು ನಿಲ್ಲುವವರೆಗೆ ಉಜ್ಜಿ, ಆಮೇಲೆ ಮೇಣ ಹಚ್ಚಿ. ಬೆಳ್ಳನೆಯ ಅಂಗಿ ಹಾಕಿಕೊಂಡ ದಿನ ಕಟ್ಟಬೇಡಿ.

ಟಿಚ್ ಬಟನ್ ಕಿತ್ತು ಬಂದರೆ ಅದರ ಕೊಳವೆ ತೊಗಲಿನ ದಪ್ಪಕ್ಕೆ ಸಾಲದು. ದಪ್ಪದಿಂದ 2–3 ಮಿ.ಮೀ. ಹೊರಗೆ ಇಣುಕುವ ಉದ್ದದ್ದು ಬೇಕು.

ಚಾಕುವಿನ ಒರೆ: ಒಳಗಿನಿಂದ ದಾರ ತುಂಡಾಗುತ್ತಿದೆ

ಇಲ್ಲಿಂದ ಮುಂದಿನದು ಆಟವಲ್ಲ. ಹೊಲಿಗೆಯಲ್ಲಿ ಅಲ್ಲಲ್ಲಿ ಎಳೆ ಕಡಿದಿದ್ದರೆ, ಅಂಚಿನಲ್ಲಿ ತೊಗಲಿನ ಹುಡಿ ಉದುರುತ್ತಿದ್ದರೆ ಅಲಗು ಹೊಲಿಗೆಯನ್ನು ತಿನ್ನುತ್ತಿದೆ. ತಕ್ಷಣ ಬಳಸುವುದನ್ನು ನಿಲ್ಲಿಸಿ. ಅಲಗಿನ ಬದಿಯಲ್ಲಿ, ಎರಡು ಪದರದ ನಡುವೆ, ಅಲಗಿನ ದಪ್ಪಕ್ಕಿಂತ ಸ್ವಲ್ಪ ಹೆಚ್ಚು ದಪ್ಪದ ತೊಗಲಿನ ಪಟ್ಟಿ ಇರಲೇಬೇಕು, ಚಾಕುವಿನ ಬಾಯಿ ಅದಕ್ಕೆ ತಾಗುತ್ತದೆ, ದಾರಕ್ಕಲ್ಲ. ಪಟ್ಟಿ ಇಲ್ಲದೆ ಹೊಲಿದಿದ್ದರೆ ಪೂರ್ತಿ ಬಿಚ್ಚಿ ಪಟ್ಟಿ ಕೂಡಿಸಿ. ಪಟ್ಟಿ ಇದ್ದೂ ಅದು ಅರ್ಧಕ್ಕೆ ಕೊರೆದಿದ್ದರೆ ಹೊಸ ಒರೆ ಹೊಲಿಯಿರಿ, ತೇಪೆ ಹಾಕಬೇಡಿ. ಚಾಕು ಹಾಕುವಾಗ ಇನ್ನೊಂದು ಕೈಯ ಬೆರಳುಗಳು ಅಂಚನ್ನು ಸುತ್ತಿ ಹಿಡಿದಿರುತ್ತವೆ ಎಂಬುದನ್ನು ನೆನೆದರೆ ಸಾಕು. ಚಾಕುವನ್ನು ತಿಂಗಳುಗಟ್ಟಲೆ ಒರೆಯಲ್ಲೇ ಇಟ್ಟರೆ ಮುಂಬೈಯ ತೇವಕ್ಕೆ ತುಕ್ಕು ಖಂಡಿತ. ಕೆಲಸ ಮುಗಿದ ಮೇಲೆ ಎರಡನ್ನೂ ಬೇರೆ ಬೇರೆ ಇಡಿ. ಬೆಲ್ಟಿಗೆ ಚಾಕು ತೂಗುಹಾಕಿಕೊಂಡು ಲೋಕಲ್ ಹತ್ತುವ ಶೋಕಿ ಬೇಡ.

ಪಿಸ್ತೂಲಿನ ಒರೆ: ಬಾಯಿ ಒಳಕ್ಕೆ ಮಡಚಿಕೊಳ್ಳುತ್ತಿದೆ

ನಮ್ಮ ಸೊಸೈಟಿಯ ಸೆಕ್ಯುರಿಟಿಯವರೊಬ್ಬರು, ಲೈಸೆನ್ಸ್ ಇರುವವರು, ಹಳೇ ಒರೆ ತಂದು ‘ಭಾವೂ, ಇದರ ಬಾಯಿ ಮೆತ್ತಗಾಗಿದೆ, ಒಂದಿಷ್ಟು ಹೊಲಿದು ಕೊಡಿ’ ಎಂದರು. ಖಾಲಿ ಒರೆಯನ್ನು ಮೇಜಿನ ಮೇಲಿಟ್ಟು ನೋಡಿದೆ. ಪಿಸ್ತೂಲು ಹೊರಗೆ ಬಂದ ಮೇಲೂ ಒರೆಯ ಬಾಯಿ ತೆರೆದೇ ಇರಬೇಕು. ಇದರದ್ದು ಹಲ್ಲು ಬಿದ್ದ ಅಜ್ಜಿಯ ಬಾಯಂತೆ ಒಳಕ್ಕೆ ಮಡಚಿತ್ತು. ಪಿಸ್ತೂಲನ್ನು ಮತ್ತೆ ಇಳಿಸುವಾಗ ಆ ಮಡಿಕೆ ಕುದುರೆಯ, ಅಂದರೆ ಟ್ರಿಗರಿನ, ಮುಂದಿನ ಜಾಗಕ್ಕೆ ಹೊಕ್ಕರೆ ಬೆರಳಿನ ಕೆಲಸವನ್ನು ತೊಗಲೇ ಮಾಡಿಬಿಡುತ್ತದೆ. ಗುಂಡು ಹೋಗುವುದು ಸ್ವಂತ ತೊಡೆಗೆ.

ಇಂಥ ಒರೆಗೆ ಮನೆಯ ಪರೀಕ್ಷೆ ಇಷ್ಟೇ: ಬಾಯಿ ತಾನೇ ತೆರೆದು ನಿಲ್ಲುತ್ತದೆಯೇ, ಕುದುರೆಯ ಸುತ್ತಲಿನ ಬಳೆ ಪೂರ್ತಿ ಮುಚ್ಚಿದೆಯೇ, ಹೊರಗಿನಿಂದ ಒತ್ತಿದರೆ ತೊಗಲು ಅಲ್ಲಿ ಒಳಕ್ಕೆ ಬಳುಕುತ್ತದೆಯೇ. ಒಂದರಲ್ಲಿ ಎಡವಿದರೂ ರಿಪೇರಿ ಬೇಡ. ಹೊಸದಾಗಿ ಆಕಾರ ಕೊಡುವಾಗಲೂ ಅಚ್ಚಿಗೆ ಕಟ್ಟಿಗೆಯ ಅಥವಾ ಪ್ಲಾಸ್ಟಿಕ್ಕಿನ ಪ್ರತಿಕೃತಿ ಬಳಸಬೇಕು. ನಿಜವಾದ ಪಿಸ್ತೂಲು ಹವ್ಯಾಸಿಯ ಮೇಜಿಗೆ ಬರಬಾರದು, ಖಾಲಿ ಎಂದು ಎಷ್ಟೇ ಆಣೆ ಮಾಡಲಿ. ಆ ಒರೆಯನ್ನು ನಾನು ಹೊಲಿಯಲಿಲ್ಲ. ವೃತ್ತಿಯವರ ಹತ್ತಿರ ಹೊಸದು ಕೊಳ್ಳಿ ಎಂದು ಹೇಳಿ, ಹಳೆಯದರ ಬಾಯಿಯನ್ನು ಅವರೆದುರೇ ರಂಪಿಗೆಯಿಂದ ಅಡ್ಡಕ್ಕೆ ಕೊಯ್ದು ಕೊಟ್ಟೆ. ಎರಡು ದಿನ ಮಾತು ಬಿಟ್ಟಿದ್ದರು.